ಇಂದ್ರಾಬಾಯಿ ಕಂಡ ಗೋಮುಖ

ಮೋರಟಗಿಯ ಆ ಓಣಿಯಲ್ಲಿ ದೂರದ ಯಾತ್ರೆ ಮುಗಿಸಿ ಬಂದವರು ನೇರವಾಗಿ ಮನೆಯೊಳಗೆ ಹೋಗುವಂತಿಲ್ಲ. ಹೆಂಗಸರು ಹೊಸಿಲಿನ ಹೊರಗೆ ಮಣೆ ಹಾಕಿ ಕೂರಿಸುತ್ತಾರೆ. ಪಾದ ತೊಳೆಯುತ್ತಾರೆ, ಅರಿಶಿಣ ಕುಂಕುಮ ಹಚ್ಚುತ್ತಾರೆ. ಆಮೇಲೆ ಸುತ್ತ ಕೂತು ಕೇಳುತ್ತಾರೆ: ಏನು ಕಂಡಿ, ಹೆಂಗಿತ್ತು? ಪಾದ ತೊಳೆಸಿಕೊಂಡವರು ಹೇಳಲೇಬೇಕು. ಹೋಗಲಾರದವರು ಕೇಳಿಯಾದರೂ ಪುಣ್ಯ ಕಟ್ಟಿಕೊಳ್ಳಬೇಕು.

ಇಂದ್ರಾಬಾಯಿ ಮೊದಲ ಸಲ ಆ ಮಣೆಯ ಮೇಲೆ ಕೂತಾಗ ಅವಳ ಬಳಿ ಹೇಳಲು ಏನೂ ಇರಲಿಲ್ಲ. ಅವಳು ಹೋದದ್ದು ಯಾತ್ರೆಯವರ ಅಡಿಗೆಗೆ. ಅದು ಊರಿಗೆಲ್ಲ ಗೊತ್ತಿತ್ತು. ಆದರೆ ಗಂಗೋತ್ರಿಯವರೆಗೆ ಹೋದವಳು ಏನೂ ನೋಡದೆ ಬರುತ್ತಾಳೆಂದು ಯಾರು ತಿಳಿದಾರು? ನೆರೆಮನೆಯ ಕಾವೇರಿಯ ಅತ್ತೆ, ಎದ್ದು ನಡೆಯಲಾರದ ಮುದುಕಿ, ತೆವಳಿಕೊಂಡು ಬಂದು ತಾನೇ ಕೈಯಾರೆ ಇಂದ್ರಾಬಾಯಿಯ ಪಾದ ತೊಳೆದಿದ್ದಳು. ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದಳು.

"ಗಂಗವ್ವ ಹುಟ್ಟೂ ಜಾಗ ನೋಡಿದೇನ ಯವ್ವಾ? ಆಕಳ ಮಾರಿ ಅಂತಾರಲ್ಲ, ಖರೇನ?"

ಇಲ್ಲ ಎನ್ನಲು ಇಂದ್ರಾಬಾಯಿಯ ನಾಲಿಗೆ ಏಳಲಿಲ್ಲ. ಗೋಮುಖಕ್ಕೆ ಹೋಗಿ ಬಂದ ಯಾತ್ರಿಕರು ಕೈ ತೊಳೆಯುತ್ತ, ರೊಟ್ಟಿ ಮುರಿಯುತ್ತ ಆಡಿದ ಮಾತುಗಳು ಅವಳ ಕಿವಿಯಲ್ಲಿದ್ದವು. ಅವನ್ನೇ ಹೇಳಿದಳು.

"ಖರೇ ಯತ್ತೀ. ಬರ್ಫದ ಆಕಳ ಅದು. ಗುಡ್ಡದಷ್ಟು ಐತಿ. ಮೈಯೆಲ್ಲ ನೀಲಿ, ನಿನ್ನ ಕೈಯಾನ ಬಳಿ ಹೆಂಗೈತಿ ಹಂಗ ನೀಲಿ. ಬಾಯಿ ತಗದು ನಿಂತೈತಿ. ಒಳಗಿಂದ ಬರೂದು ನೀರಲ್ಲ, ಹಾಲು. ಅದು ಉಸರ ಬಿಟ್ರ ನಮ್ಮ ಮಾರಿಗೆ ತಣ್ಣಗ ಬಡಿತೈತಿ."

ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಮುಂದೆ ಹಾಸಿಗೆ ಹಿಡಿದು ಸಾಯುವಾಗಲೂ ಇಂದ್ರಾಬಾಯಿಯನ್ನು ಕರೆಸಿಕೊಂಡಳು. ಇಂದ್ರಾಬಾಯಿ ತಂಬಿಗೆಯ ಗಂಗಾಜಲವನ್ನು ಅವಳ ಬಾಯಿಗೆ ಬಿಟ್ಟು, ಕಿವಿಯ ಹತ್ತಿರ ಬಾಗಿ, ಅದೇ ನೀಲಿ ಆಕಳನ್ನು ಇನ್ನೊಮ್ಮೆ ಹೇಳಿದಳು. ಅದು ರೂಢಿಯಾಯಿತು. ಊರಲ್ಲಿ ಯಾರಿಗೆ ಕಡೆಗಾಲ ಬಂದರೂ ಇಂದ್ರಾಬಾಯಿಗೆ ಕರೆ ಬರುತ್ತಿತ್ತು. ಕಣ್ಣಿಂದ ಕಂಡವಳ ಬಾಯಿಂದ ಕೇಳಿ ಹೋಗಲಿ ಎಂದು.

ಅವಳು ಕಂಡಿಲ್ಲ ಎಂಬುದು ಒಬ್ಬಳಿಗೆ ಮಾತ್ರ ಗೊತ್ತಿತ್ತು. ಮುದ್ದೇಬಿಹಾಳದ ಸುಮಿತ್ರಾಬಾಯಿಗೆ.

ಇಬ್ಬರೂ ಮೋರಟಗಿಯ ಸಾಲೆಯಲ್ಲಿ ಒಂದೇ ಪಟ್ಟಿಯ ಮೇಲೆ ಕೂತವರು. ಸುಮಿತ್ರಾಬಾಯಿ ಹೊಲಮನೆಯುಳ್ಳವರ ಮಗಳು. ಓದಿದಳು, ಹೈಸ್ಕೂಲಿಗೆ ಭೂಗೋಳ ಕಲಿಸುವ ಶಿಕ್ಷಕಿಯಾದಳು, ಮುದ್ದೇಬಿಹಾಳದಲ್ಲೇ ಮನೆ ಮಾಡಿದಳು. ಇಂದ್ರಾಬಾಯಿಯನ್ನು ನಾಲ್ಕನೇ ಇಯತ್ತೆಗೇ ಬಿಡಿಸಿ ಕುರಿಗಳ ಹಿಂದೆ ಕಳಿಸಿದರು. ಮದುವೆಯಾದ ಸೋಮನಿಂಗನೂ ಕುರಿಯವನೇ. ಮಳೆಗಾಲ ಕಳೆದೊಡನೆ ಗಂಡಹೆಂಡತಿ ಭೀಮಾ ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬುತ್ತ ಹೋಗುತ್ತಿದ್ದರು. ನಡೆದು ನಡೆದು ಅವಳ ಕಾಲು ಬಡಿಗೆಯಂತಾಗಿದ್ದವು. ಸೋಮನಿಂಗ ಸಿಡಿಲಿಗೆ ಹೋದ. ಮಗಳು ಸುರೇಖಾ ಆಗ ಇನ್ನೂ ಸಣ್ಣವಳು. ಕುರಿ ಮಾರಿ, ಮದುವೆ ಮುಂಜಿಗಳಲ್ಲಿ ರೊಟ್ಟಿ ಬಡಿಯುತ್ತ ಇಂದ್ರಾಬಾಯಿ ಆ ಮಗಳನ್ನು ಬೆಳೆಸಿ ಇಂಡಿಗೆ ಮದುವೆ ಮಾಡಿಕೊಟ್ಟಳು. ಮುದ್ದೇಬಿಹಾಳದಿಂದ ಯಾತ್ರೆಯ ಬಸ್ಸು ಹೊರಡಿಸುವ ಚನ್ನಬಸಯ್ಯನಿಗೆ ಅವಳನ್ನು ಗೊತ್ತುಮಾಡಿಕೊಟ್ಟವಳು ಸುಮಿತ್ರಾಬಾಯಿಯೇ.

ಯಾತ್ರೆಯ ಬಸ್ಸಿನ ಅಡಿಗೆ ಎಂದರೆ ಹೀಗೆ. ಜನ ದೇವರ ದರ್ಶನಕ್ಕೆ ಹೋದಾಗಲೇ ಒಲೆ ಹೊತ್ತಿಸಬೇಕು, ಅವರು ಬರುವಷ್ಟರಲ್ಲಿ ಬಿಸಿ ರೊಟ್ಟಿ ಬುಟ್ಟಿಯಲ್ಲಿರಬೇಕು. ಮುಂದಿನ ಊರಿಗೆ ಹೊರಡುವಾಗ ಪಾತ್ರೆ ತಿಕ್ಕಿ ಚೀಲ ಕಟ್ಟಿರಬೇಕು. ಅನ್ನ ಸಾರು ಎಲ್ಲಿಯಾದರೂ ಸಿಕ್ಕೀತು, ಜೋಳದ ರೊಟ್ಟಿ ಹರಿದ್ವಾರದಲ್ಲಿ ಯಾರು ಬಡಿದು ಕೊಡುತ್ತಾರೆ? ಹಾಗಾಗಿ ಇಂದ್ರಾಬಾಯಿ ಎಲ್ಲಾ ಕ್ಷೇತ್ರಗಳಿಗೂ ಹೋಗಿದ್ದಳು, ಎಲ್ಲ ಕಡೆಯೂ ಛತ್ರದ ಹಿತ್ತಲು ನೋಡಿದ್ದಳು. ಗಂಗೋತ್ರಿಯಲ್ಲಂತೂ ಗಟ್ಟಿಮುಟ್ಟಾದವರು ಪರವಾನಗಿ ಮಾಡಿಸಿಕೊಂಡು ಗೋಮುಖಕ್ಕೆ ನಡೆದು ಹೋಗಿ ಮರುದಿನ ಬರುತ್ತಿದ್ದರು. ಹೋಗಲಾರದವರಿಗೆ ಹೊತ್ತುಹೊತ್ತಿಗೆ ಬೇಯಿಸಲು ಅವಳು ಉಳಿಯುತ್ತಿದ್ದಳು. ಬಂದವರು ತಟ್ಟೆಯ ಮುಂದೆ ಕೂತು, "ನೀ ಬರಬೇಕಿತ್ತು ಇಂದ್ರವ್ವ" ಎನ್ನುತ್ತಿದ್ದರು. ಪ್ರತಿ ವರ್ಷ ಯಾರಾದರೂ ಒಬ್ಬರು.

ಸುಮಿತ್ರಾಬಾಯಿ ನಿವೃತ್ತಳಾದ ವರ್ಷ ಒಂದು ಮಧ್ಯಾಹ್ನ ಇಂದ್ರಾಬಾಯಿ ಅವಳ ಅಡಿಗೆಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಹಿಂದಿನ ದಿನ ಊರಲ್ಲಿ ಇನ್ನೊಂದು ಸಾವಾಗಿತ್ತು.

"ಸಾಯೂವರ ಕಿವ್ಯಾಗ ಸುಳ್ಳ ಹೇಳಿ ಕಳಸಾಕತ್ತೇನಿ ಸುಮಿತ್ರಾ."

"ಅವರಿಗೆ ಸಮಾಧಾನ ಆತಿಲ್ಲೊ?"

"ಅವರಿಗೆ ಆತು. ನನಗ?" ಸುಲಿದ ಕಾಳನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡಳು. "ಒಮ್ಮಿ ಕಣ್ಣಿಲೆ ನೋಡಿ ಬಂದೆ ಅಂದ್ರ, ಹಿಂದ ಹೇಳಿದ್ದೂ ಎಲ್ಲಾ ಖರೇ ಆಗತೈತಿ. ಅಷ್ಟಾದ್ರ ನಾ ನಿಶ್ಚಿಂತಿ."

ಸುಮಿತ್ರಾಬಾಯಿಗೆ ಆ ಮಾತು ಅರ್ಥವಾಯಿತು. ಅದರಲ್ಲಿದ್ದ ತೊಡಕು ಮಾತ್ರ ಆಗ ಅವಳಿಗೆ ಹೊಳೆಯಲಿಲ್ಲ. ಭೂಗೋಳ ಕಲಿಸಿದವಳಿಗೆ ಹೊಳೆಯಬೇಕಿತ್ತು. ಹಿಮನದಿ ಎಂದರೆ ಕಲ್ಲುಮಣ್ಣು ಹೊತ್ತು ಸರಿಯುವ ಮಂಜು ಎಂದು ಎಷ್ಟು ವರ್ಷ ಫಳಿಯ ಮೇಲೆ ಬರೆದಿದ್ದಳು. ಆ ಪಾಠವನ್ನೂ ಗೆಳತಿಯ ನೀಲಿ ಆಕಳನ್ನೂ ಅವಳು ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. "ಇಬ್ರೂ ಹೋಗೂನು. ನೀ ಒಲಿ ಮುಟ್ಟಂಗಿಲ್ಲ" ಎಂದಳು.

ಚನ್ನಬಸಯ್ಯ ಕೇಳಿ ತಲೆ ಮೇಲೆ ಕೈ ಹೊತ್ತ.

"ಇಂದ್ರಾಬಾಯಿ ಸೀಟಿನ ಮ್ಯಾಲ ಕುಂತ್ರ ರೊಟ್ಟಿ ಬಡಿಯಾವ್ರ ಯಾರ್ರಿ ಅಕ್ಕೋರ?"

"ನೀವ ಬಡೀರಿ ಅಯ್ಯಾರ. ಕೈ ಅದಾವಲ್ಲ."

"ನಾ ಬಡದ್ರ ಮಂದಿ ನನ್ನ ಬಡೀತಾರ್ರಿ" ಎಂದು ನಕ್ಕು, ಬೇರೆ ಅಡಿಗೆಯವಳನ್ನು ಹುಡುಕಿದ.

ಗಣಪತಿ ಹಬ್ಬ ಕಳೆದ ಮೇಲೆ ಬಸ್ಸು ಹೊರಟಿತು. ಡ್ರೈವರ್ ನಿಜಾಮುದ್ದೀನನಿಗೆ ಇಂದ್ರಾಬಾಯಿ ಎಂದರೆ ಅಕ್ಕರೆ. ಎಲ್ಲರಿಗಿಂತ ಮೊದಲು ಅವನ ಬುತ್ತಿ ಕಟ್ಟುತ್ತಿದ್ದವಳು ಅವಳು. "ಯಕ್ಕಾ, ಕಿಡಕಿ ಕಡೆ ಕುಂದ್ರು. ಇಷ್ಟ ವರ್ಷ ಹಿಟ್ಟಿನ ಚೀಲದ ಮ್ಯಾಲ ಕುಂತ ಬಂದಿ, ಹೊರಗ ಹಿಂದೂಸ್ತಾನ ಐತಿ ನೋಡು" ಎಂದ. ಅವಳು ಕೂತಳು, ಆದರೆ ಕೈ ಕೂರಲಿಲ್ಲ. ಬಸ್ಸು ನಿಂತಲ್ಲೆಲ್ಲ ಒಲೆಯ ಹತ್ತಿರ ಸುಳಿದು, ಹೊಸಬಳ ಕೈಯಿಂದ "ನಿಮ್ಮ ಸೀಟಿಗೆ ಹೋಗ್ರೆವ್ವಾ" ಎನಿಸಿಕೊಂಡು ಬರುತ್ತಿದ್ದಳು. ರೊಟ್ಟಿ ದಪ್ಪಗಾದಾಗ ಜನ ಮುಖ ಕಿವುಚಿದರೆ ಅವಳಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗಿಗೆ ತಾನೇ ನಾಚಿಕೊಂಡು ಸುಮಿತ್ರಾಬಾಯಿಯ ಭುಜಕ್ಕೆ ತಿವಿಯುತ್ತಿದ್ದಳು.

ಗಂಗೋತ್ರಿಯಿಂದ ಸ್ವಲ್ಪ ದೂರ ನಡೆದರೆ ಅರಣ್ಯದವರ ಚೌಕಿ. ರಾಷ್ಟ್ರೀಯ ಉದ್ಯಾನ ಎಂದು ಹಿಂದಿಯಲ್ಲಿ ಬರೆದ ಫಲಕವನ್ನು ಸುಮಿತ್ರಾಬಾಯಿ ಓದಿ ಹೇಳಿದಳು.

"ಉದ್ಯಾನ ಅಂದ್ರ ಹೂವಿನ ತ್ವಾಟ ಅಲ್ಲೇನ ಬೇ?" ಇಂದ್ರಾಬಾಯಿ ಸುತ್ತ ನೋಡಿದಳು. "ಇಲ್ಲಿ ನಮ್ಮ ಊರಾನಕ್ಕಿಂತ ಹೆಚ್ಚ ಕಲ್ಲ ಅದಾವ."

ಆ ದಿನ ಅವಳು ನಡೆದ ರೀತಿಯನ್ನು ಸುಮಿತ್ರಾಬಾಯಿ ಮರೆಯಲಾರಳು. ಗಂಡನ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ಕುರಿಯ ಹಿಂದೆ ನಡೆದ ಕಾಲುಗಳು ಇನ್ನೂ ಇವೆ ಎಂಬಂತೆ ಮುಂದೆ ಮುಂದೆ ಹೋದಳು. ಒಂದು ಪಕ್ಕ ಬೆಟ್ಟದ ಗೋಡೆ, ಇನ್ನೊಂದು ಪಕ್ಕ ಕೆಳಗೆಲ್ಲೋ ಮೊರೆಯುವ ಭಾಗೀರಥಿ. ಮೇಲಿನ ಬಂಡೆಗಳಿಂದ ಜಲಪಾತಗಳು ಧೋತರ ಒಣಹಾಕಿದಂತೆ ಇಳಿಬಿದ್ದಿದ್ದವು. ಅವುಗಳ ನೀರು ದಾರಿಗೆ ಅಡ್ಡ ಹರಿದಲ್ಲಿ ಮರದ ದಿಮ್ಮಿ ಹಾಕಿದ್ದರು. ಸುಮಿತ್ರಾಬಾಯಿ ದಿಮ್ಮಿಯ ಮೇಲೆ ಕಾಲಿಡಲು ಹೆದರಿದರೆ ಇಂದ್ರಾಬಾಯಿ ತಿರುಗಿ ಬಂದು ಕೈ ಹಿಡಿದು, "ಸಾಲ್ಯಾಗ ನನ್ನ ಕೈ ಹಿಡದು ಅಕ್ಷರ ತಿದ್ದಿಸಿದಿ. ಈಗ ನಾ ದಾಟಸ್ತೇನಿ, ಬಾ" ಎಂದಳು.

ಇಳಿಜಾರಿನಲ್ಲಿ ಕಾಡುಕುರಿಗಳು ಮೇಯುತ್ತಿದ್ದವು. ಬೂದಿ ಬಣ್ಣ, ಬಾಗಿದ ಕೊಂಬು. ಇಂದ್ರಾಬಾಯಿ ಗಕ್ಕನೆ ನಿಂತಳು.

"ಇವಕ್ಕ ಕಾಯಾವ್ರಿಲ್ಲೇನ?"

"ಇಲ್ಲ. ಕಾಡಿನವು."

"ಪುಣ್ಯಾ ಮಾಡ್ಯಾವ." ನಾಲಿಗೆ ಮಡಿಚಿ, ಹಿಂಡು ಕರೆಯುವ ಹಳೆಯ ದನಿ ಹೊರಡಿಸಿದಳು. ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿ ಇವಳನ್ನೇ ನೋಡಿದವು. ಇಂದ್ರಾಬಾಯಿ ಬಾಯಿ ತುಂಬ ನಕ್ಕಳು. ಸೋಮನಿಂಗ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಸುಮಿತ್ರಾಬಾಯಿ ಕಂಡಿರಲಿಲ್ಲ.

ರಾತ್ರಿ ದಾರಿಯಲ್ಲಿನ ಭೋಜವಾಸದ ಆಶ್ರಮದಲ್ಲಿ ತಂಗಿದರು. ಸಂಜೆ ಅಲ್ಲಿಯವರು ಬಿಸಿ ಖಿಚಡಿಯ ತಟ್ಟೆ ತಂದು ಇಂದ್ರಾಬಾಯಿಯ ಕೈಗೆ ಕೊಟ್ಟರು. ಅವಳು ಅದನ್ನು ಮುಂದಿನವರಿಗೆ ದಾಟಿಸಿದಳು. ಇನ್ನೊಂದು ಬಂತು, ಅದನ್ನೂ ದಾಟಿಸಿದಳು. ಬಡಿಸುವವಳಂತೆ ಎಲ್ಲರಿಗೂ ಮುಟ್ಟಿಸಿ, ಕಡೆಯ ತಟ್ಟೆ ತನಗೇ ಎಂದು ತಿಳಿದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಟರು. ದಾರಿ ಮುಗಿದು ಬರೀ ಬಂಡೆಗಳ ರಾಶಿ. ದಾರಿ ತೋರಿಸಲು ಬಂದಿದ್ದ ಪಹಾಡಿ ಮನುಷ್ಯ ಒಂದು ಕಡೆ ನಿಂತು, ಇನ್ನು ಮುಂದೆ ಹೋಗಬಾರದು, ಕಲ್ಲು ಬೀಳುತ್ತವೆ, ಇಲ್ಲಿಂದಲೇ ನೋಡಿ ಎಂದ. ಜೊತೆಗೆ ಬಂದವರು ಕೈ ಮುಗಿದರು. ಹರ ಹರ ಎಂದರು. ಮೊಬೈಲ್ ಎತ್ತಿದರು.

"ಎಲ್ಲೈತಿ?" ಎಂದಳು ಇಂದ್ರಾಬಾಯಿ.

ಅವನು ಕೈ ತೋರಿದ. ಎದುರಿಗೆ ಬೂದು ಬಣ್ಣದ ದಿಬ್ಬ. ಮೇಲೆಲ್ಲ ಜಲ್ಲಿಕಲ್ಲು, ಮಣ್ಣು. ಕೆಳಗೆ ಕುಸಿದು ಬಿದ್ದ ಒಂದು ಕಪ್ಪು ಪೊಟರೆ. ಅದರೊಳಗಿಂದ ರಾಡಿ ನೀರು ನುಗ್ಗಿ ಬರುತ್ತಿತ್ತು. ಅದರ ಹಿಂದೆ ಆಕಾಶದಲ್ಲಿ ಬಿಳಿಯ ಶಿಖರಗಳು ಹೊಳೆಯುತ್ತಿದ್ದವು. ಅವುಗಳ ಕಡೆ ಇಂದ್ರಾಬಾಯಿ ಕಣ್ಣೆತ್ತಲಿಲ್ಲ.

"ಅದಾ?"

"ಹಾಂ, ವಹೀ."

ಮೊದಲು ಮುಖದ ಹಾಗೆ ಇತ್ತಂತೆ, ಮುರಿದು ಬಿತ್ತಂತೆ, ವರ್ಷ ವರ್ಷಕ್ಕೂ ಹಿಂದೆ ಸರಿಯುತ್ತಿದೆಯಂತೆ. ಅವನು ಹೇಳಿದ್ದನ್ನು ಸುಮಿತ್ರಾಬಾಯಿ ಕನ್ನಡದಲ್ಲಿ ಹೇಳಿದಳು. ಇಂದ್ರಾಬಾಯಿ ಕೇಳಿದಳೋ ಇಲ್ಲವೋ. ಬಾಗೇವಾಡಿಯ ಹತ್ತಿಯ ವ್ಯಾಪಾರಿ ಸಿದ್ದಾರೂಢ ಪಕ್ಕದಲ್ಲಿ ಬಾಟಲಿಗೆ ನೀರು ತುಂಬಿಕೊಳ್ಳುತ್ತಿದ್ದ. ಹಿಂದೆಯೂ ಎರಡು ಸಲ ಬಂದವನು. ಅವನ ಕಡೆ ತಿರುಗಿದಳು.

"ಅಣ್ಣಾರ, ಆ ವರ್ಷ ನನ್ನ ಒಲಿ ಮುಂದ ಕುಂತು ನೀಲಿ ಐತಿ ಅಂದಿದ್ರಿ. ಹಾಲಿನಂಥಾ ನೀರ ಅಂದಿದ್ರಿ."

"ಅಂದಿದ್ನೇನ?" ಅವನು ನೆನಪು ಮಾಡಿಕೊಂಡು ನಕ್ಕ. "ಅಂದಿರಬೇಕು. ಇಷ್ಟ ದೂರ ಬಂದು ರಾಡಿ ನೋಡಿದೆ ಅಂತ ಯಾರ ಹೇಳ್ತಾರ ಇಂದ್ರವ್ವ?"

ಅವಳು ನೀರಿನ ಅಂಚಿಗೆ ಹೋಗಿ ಕೂತಳು. ಹೊಳೆಯಲ್ಲಿ ತೇಲಿ ಬಂದು ಕಲ್ಲಿಗೆ ಸಿಕ್ಕಿದ್ದ ಮಂಜಿನ ಚೂರೊಂದನ್ನು ಎತ್ತಿಕೊಂಡಳು. ಕೈ ಕೆಂಪಾಗುವವರೆಗೂ ಬಿಡಲಿಲ್ಲ. ಸುಮಿತ್ರಾಬಾಯಿ ಹತ್ತಿರ ಹೋಗಿ ಹೇಳತೊಡಗಿದಳು. ಮೇಲೆ ಕಾಣುವುದು ಬೆಟ್ಟದಿಂದ ಬಿದ್ದ ಮಣ್ಣು, ಕಲ್ಲನ್ನು ಅರೆದು ತರುವುದರಿಂದ ನೀರು ರಾಡಿ, ಒಳಗೆ ನೀಲಿಯೇ ಇದೆ.

"ಸಾಲ್ಯಾಗ ಹೇಳಿದಂಗ ಹೇಳಬ್ಯಾಡ" ಎಂದಳು ಇಂದ್ರಾಬಾಯಿ. ಸಿಟ್ಟಿನಿಂದಲ್ಲ, ದಣಿದವಳಂತೆ. "ಸತ್ತ ಆನಿ ಬಿದ್ದಂಗ ಐತಿ. ನಾ ಎಷ್ಟ ಮಂದಿಗೆ ಆಕಳ ಅಂತ ಹೇಳಿ ಕಳಸೇನಿ, ಸುಮಿತ್ರಾ."

ಇಳಿಯುವ ದಾರಿಯಲ್ಲಿ ಕುರಿಗಳು ಮತ್ತೆ ಸಿಕ್ಕವು. ಅವಳು ಕರೆಯಲಿಲ್ಲ.

ಮುದ್ದೇಬಿಹಾಳದಲ್ಲಿ ಬಸ್ಸಿಳಿದಾಗ ಇಂದ್ರಾಬಾಯಿ ಗೆಳತಿಯ ಸೆರಗು ಹಿಡಿದಳು. "ನಮ್ಮೂರ ತನಾ ಬಾ. ಮಣಿ ಮ್ಯಾಲ ನೀನೂ ಕುಂದ್ರು." ಸುಮಿತ್ರಾಬಾಯಿಯ ಮೊಣಕಾಲು ಬಾತಿದ್ದವು. ಬರುವ ವಾರ ಬರುತ್ತೇನೆಂದಳು. ಇಂದ್ರಾಬಾಯಿ ಒಬ್ಬಳೇ ತಾಳಿಕೋಟಿ ದಾರಿಯ ಬಸ್ಸು ಹತ್ತಿದಳು.

ಅಲ್ಲಿ ಏನು ನಡೆಯಿತೆಂಬುದನ್ನು ಆಮೇಲೆ ಸುಮಿತ್ರಾಬಾಯಿಗೆ ಫೋನಿನಲ್ಲಿ ಹೇಳಿದಳು. ಎಂದಿನಂತೆ ಮಣೆ ಹಾಕಿದ್ದರು, ಪಾದ ತೊಳೆದರು. ಈ ಸಲ ಅವಳು ಕಂಡದ್ದನ್ನೇ ಹೇಳಿದಳು. ಮಣ್ಣಿನ ದಿಬ್ಬ, ಪೊಟರೆ, ರಾಡಿ ನೀರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕಾವೇರಿ ಕಿಸಕ್ಕನೆ ನಕ್ಕಳು.

"ಕಾವೇರಿ ಏನಂದ್ಲು ಗೊತ್ತೈತೇನ? 'ಈ ಸಲ ನೀ ಒಲಿ ಮುಂದ ಕುಂತ ಬಂದೀ ಇಂದ್ರವ್ವ. ಹ್ವಾದ ಸಲ ನೋಡಿದಾಕಿ ಎಷ್ಟ ಚಂದ ಹೇಳಿದ್ದಿ!' ಅಂದ್ಲು. ಎಲ್ಲಾರೂ ನಕ್ಕರು."

"ನೀ ಏನಂದಿ?"

"ನಾನೂ ನಕ್ಕೆ. ಮತ್ತೇನ ಮಾಡ್ಲಿ? ನೀ ಒಮ್ಮಿ ಬಂದು ಹೇಳು. ಅಕ್ಕೋರ ಮಾತ ನಂಬ್ತಾರ."

"ಬರ್ತೇನಿ. ಅಲ್ಲೀ ತನಕ ಹಿಂದಿನಂಗ ಹೇಳಿಬಿಡು, ಏನಾತು?"

"ಬಾಯಿಗೆ ಬರವಲ್ದು. ಕಣ್ಣಿನ ಮುಂದ ಕಲ್ಲ ಬರ್ತಾವ."

ಸುಮಿತ್ರಾಬಾಯಿ ಹೋಗಲಿಲ್ಲ. ಹೋಗದಿರಲು ಕಾರಣಗಳಿದ್ದವು. ಮೊಣಕಾಲಿಗೆ ವಿಜಯಪುರದಲ್ಲಿ ತೋರಿಸಬೇಕಿತ್ತು, ಮೊಮ್ಮಗಳು ಐಶ್ವರ್ಯಳ ಪರೀಕ್ಷೆಯಿತ್ತು, ಮನೆಗೆ ಸುಣ್ಣ ಬಳಿಸುವುದಿತ್ತು. ಒಂದೊಂದೂ ನಿಜವಾದ ಕಾರಣವೇ. ಒಟ್ಟು ಸೇರಿಸಿದರೆ ಅವು ಏನೂ ಅಲ್ಲ ಎಂದು ಈಗ ತಿಳಿಯುತ್ತದೆ.

ದೀಪಾವಳಿಯ ಹೊತ್ತಿಗೆ ಓಣಿಯ ಒಬ್ಬ ಮುದುಕನಿಗೆ ಕಡೆಗಾಲ ಬಂತು. ಇಂದ್ರಾಬಾಯಿಯನ್ನು ಕರೆದರು. ಅವಳು ಹೋಗಿ ಗಂಗಾಜಲ ಬಿಟ್ಟಳು, ಕೈ ಹಿಡಿದುಕೊಂಡು ಕೂತಳು. ಮನೆಯವರು ಹೇಳು ಹೇಳು ಎಂದರು. ಅವಳು ತುಟಿ ಬಿಚ್ಚಲಿಲ್ಲ. ಮುದುಕ ಬಾಗಿಲ ಕಡೆ ನೋಡುತ್ತಲೇ ಹೋದ. ಸಾಯುವವನಿಗೆ ನಾಲ್ಕು ಮಾತಿಗೂ ಜಿಪುಣತನ ಮಾಡಿದಳೆಂದು ಅವರು ಬೇಸರಪಟ್ಟರು. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಚನ್ನಬಸಯ್ಯನ ಬಸ್ಸಿಗೂ ಅವಳು ಮತ್ತೆ ಹೋಗಲಿಲ್ಲ. ಕೈ ನೋಯುತ್ತದೆ ಎಂದು ಹೇಳಿ ಕಳಿಸಿದಳಂತೆ.

ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಒಲೆಗೆ ಕಟ್ಟಿಗೆ ತುಂಬುತ್ತ ಕುಸಿದಳು. ಸಿಂದಗಿಯ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬಾಯಿಗೆ ನೀರು ಬಿಡುವಷ್ಟೂ ಹೊತ್ತು ಸಿಗಲಿಲ್ಲ ಎಂದು ಸುರೇಖಾ ಅತ್ತಳು. ಸುಮಿತ್ರಾಬಾಯಿ ಮಣ್ಣಿಗೆ ಹೋಗಿ ಮುಟ್ಟುವಷ್ಟರಲ್ಲಿ ಮುಖ ಮುಚ್ಚಿಯಾಗಿತ್ತು.

ಮೂರನೆಯ ದಿನ ಮತ್ತೆ ಹೋದಳು. ಗೋರಿಗೆ ಹಾಲು ಬಿಟ್ಟು ಬಂದ ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ಸುರೇಖಾ ಒಳಗೆ ಅಡಿಗೆಗೆ ನಿಂತಿದ್ದಳು. ಮಾತು ಎಲ್ಲೆಲ್ಲೋ ಸುತ್ತಿ ಇಂದ್ರಾಬಾಯಿ ಹೇಳುತ್ತಿದ್ದ ಗೋಮುಖದ ಕಡೆ ಬಂತು. ಅವಳ ಹಾಗೆ ಹೇಳುವವರು ಇನ್ನಿಲ್ಲ ಎಂದರು. ಒಬ್ಬಳು ನೀಲಿ ಬಳೆಯ ಮಾತು ಹೇಳಿದಳು, ಇನ್ನೊಬ್ಬಳು ತಣ್ಣನೆಯ ಉಸಿರು. ಕಾವೇರಿ ಸೆರಗಿನಿಂದ ಮೂಗು ಒರೆಸಿಕೊಂಡು ಸುಮಿತ್ರಾಬಾಯಿಯ ಕಡೆ ತಿರುಗಿದಳು.

"ಕಡೀಗೆ ಒಮ್ಮಿ ಏನೇನೋ ಹೇಳಿದ್ಲರೀ ಅಕ್ಕೋರ. ನಾವು ಚಾಷ್ಟಿ ಮಾಡಿದ್ವಿ. ಅಕಿ ಮನಸಿಗೆ ಹಚಗೊಂಡ್ಲು ಕಾಣತೈತಿ. ನೀವು ಕೂಡ ಹೋಗಿದ್ರೆಲ್ಲ, ನೀವರ ಹೇಳ್ರಿ. ಹೆಂಗಿತ್ತು?"

ಪಡಸಾಲೆಯೆಲ್ಲ ಅವಳ ಮುಖ ನೋಡಿತು. ನೀಲಿ ಇತ್ತು ಎಂದರೆ ಅವರಿಗೆ ನೆಮ್ಮದಿ. ಆದರೆ ಇಂದ್ರಾಬಾಯಿ ತನ್ನ ಕಾಲಿನಿಂದ ನಡೆದು ಹೋಗಿ, ತನ್ನ ಕಣ್ಣಿನಿಂದ ನೋಡಿ, ನೋಡಿದ್ದನ್ನು ಹೇಳಿದ್ದು ಅದೊಂದೇ ಸಲ. ಅದನ್ನೂ ಸುಳ್ಳು ಮಾಡಲು ಸುಮಿತ್ರಾಬಾಯಿಗೆ ಆಗಲಿಲ್ಲ.

"ಅಕಿ ಕಡೀಗೆ ಹೇಳಿದ್ದ ಖರೇ. ಮಣ್ಣಿನ ದಿಬ್ಬ, ರಾಡಿ ನೀರು. ನಾ ಬಾಜೂಕ ನಿಂತಿದ್ದೆ. ಮೊದಲ ಹೇಳಿದ್ದು ಮಂದಿ ಬಾಯಾಗ ಕೇಳಿದ್ದು."

ಕಾವೇರಿಯ ಕೈ ಸೆರಗಿನಲ್ಲೇ ನಿಂತಿತು.

"ಹಂಗಾರ ನಮ್ಮ ಅತ್ತಿ ಸಾಯೂ ಮುಂದ ಕೇಳಿದ್ದು?"

ಇಂದ್ರಾಬಾಯಿ ಇದ್ದಿದ್ದರೆ ಏನಾದರೂ ಹೇಳುತ್ತಿದ್ದಳು. ಇಂಥ ಮಾತಿಗೆ ಏನು ಹೇಳಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಸುರೇಖಾ ಬಾಗಿಲಿಗೆ ಬಂದು ಎಲ್ಲರೂ ಊಟಕ್ಕೆ ಏಳಿರಿ ಎಂದಳು. ಕಾವೇರಿ ಎದ್ದಳು, ಹೋಗುತ್ತ ಒಮ್ಮೆ ತಿರುಗಿ ನೋಡಿದಳು.

"ಆವಾಗ ಬಂದು ಇಷ್ಟ ಹೇಳಿದ್ರ ಆಗತಿತ್ತಲ್ರೀ ಅಕ್ಕೋರ."

"ಆಗತಿತ್ತವಾ" ಎಂದಳು ಸುಮಿತ್ರಾಬಾಯಿ.